ಟ್ರಿಪ್ ಎರಡು, ಸ್ಟೇಜ್ ನಾಲ್ಕು

ದೀಪಾವಳಿ ಮುಗಿದ ವಾರ ನಮ್ಮ ಗ್ರಂಥಾಲಯದ ಕಂಪ್ಯೂಟರಿಗೆ ಒಂದು ಇ-ಮೇಲ್ ಬಂತು. ‘ಪ್ರಿಯ ಬಿಲ್ಲೆ ಅವರೇ’ ಎಂದು ಇಂಗ್ಲಿಷಿನಲ್ಲಿ ಶುರುವಾಗುವ ಪತ್ರ. ಅದು ಯಾರಿಗೆ ಬಂದಿತ್ತೋ ಅವರು ತೀರಿಕೊಂಡು ಆಗಲೇ ನಾಲ್ಕು ತಿಂಗಳಾಗಿತ್ತು. ಒಮ್ಮೆ ಓದಿದೆ, ಇನ್ನೊಮ್ಮೆ ಓದಿದೆ, ಆಮೇಲೆ ಪುಸ್ತಕದ ಕಪಾಟಿನ ಹಿಂದೆ ಹೋಗಿ ನಿಂತು ಮನಸಾರೆ ಅತ್ತೆ. ಪೇಪರ್ ಓದಲು ಬಂದಿದ್ದ ಹಿರಿಯರೊಬ್ಬರು “ಏನಾತ್ರಿ ಬಾಯಾರ?” ಎಂದು ಕೇಳಿದರು. ನೆಗಡಿ ಎಂದೆ.

ಬಿಲ್ಲೆ ಎಂಬುದು ಅವರ ಹೆಸರಲ್ಲ. ಬಸ್ಸಿನ ಕಂಡಕ್ಟರುಗಳು ಎದೆಯ ಮೇಲೆ ಸಿಕ್ಕಿಸಿಕೊಳ್ಳುವ, ನಂಬರ್ ಕೆತ್ತಿದ ಹಿತ್ತಾಳೆಯ ಬಿಲ್ಲೆ ಅದು. ಅವರ ನಿಜವಾದ ಹೆಸರು ನನಗೆ ಗೊತ್ತಿಲ್ಲವೆಂದಲ್ಲ. ಬರೆಯುವುದಿಲ್ಲ, ಅಷ್ಟೇ. ಬರೆದರೆ ಅವರಿಗೇ ಸೇರುತ್ತಿರಲಿಲ್ಲ.

ಸವಣೂರಿನಿಂದ ಹೊರಟು ಶಿಗ್ಗಾಂವಿ, ಬಂಕಾಪುರ, ಹಾನಗಲ್ಲು, ಚಿಕ್ಕೇರೂರು ದಾಟಿ ಹಿರೇಕೆರೂರಿಗೆ ಹೋಗಿ ಅದೇ ದಾರಿಯಲ್ಲಿ ಹಿಂತಿರುಗುವ ಬಸ್ಸಿನಲ್ಲಿ ಅವರು ಬಹಳ ವರ್ಷ ಕಂಡಕ್ಟರ್ ಆಗಿದ್ದರು. ಹುಟ್ಟಿದ್ದು ಸವಣೂರಿನಲ್ಲಿ, ಮನೆ ಮಾಡಿದ್ದು ನಮ್ಮ ಬಂಕಾಪುರದಲ್ಲಿ. ಎಲ್ಲರಿಗೂ ಅವರು ಚಾಚಾ. ಸಣಕಲು ಮೈ, ಬಸ್ಸಿನ ಚಾವಣಿಗೆ ತಲೆ ತಾಗುವಷ್ಟು ಎತ್ತರ. ಹಾಗಾಗಿ ಇಡೀ ನೌಕರಿಯನ್ನು ಕತ್ತು ಬಗ್ಗಿಸಿಕೊಂಡೇ ಮಾಡಿದರು. ಬಗ್ಗಿದ ಕತ್ತು ಕಿಟಕಿಯ ಮಟ್ಟಕ್ಕೆ ಬರುತ್ತಿತ್ತು. ಅದರಿಂದಲೇ ಹಕ್ಕಿ ನೋಡುವ ಚಟ ಹತ್ತಿತು ಎಂದು ಅವರೇ ಹೇಳುತ್ತಿದ್ದರು. “ಮಂದಿ ಹೊಟ್ಟಿ ನೋಡಿ ನೋಡಿ ಬ್ಯಾಸರಾತು. ಹೊರಗ ನೋಡಿದ್ನಿ.”

ನಾನು ಶಿಗ್ಗಾಂವಿಯ ಕಾಲೇಜಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಅವರ ಬಸ್ಸನ್ನು ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. ಬೇರೆ ಕಂಡಕ್ಟರುಗಳು ಮುಂದಿನ ಊರಿನ ಹೆಸರು ಕೂಗುತ್ತಿದ್ದರು. ಚಾಚಾ ಊರಿನ ಹೆಸರಿನ ಜೊತೆಗೆ ಹಕ್ಕಿಯನ್ನೂ ಕೂಗುತ್ತಿದ್ದರು. “ಬಂಕಾಪುರ ಯಾರ್ರೀ ಇಳಿಯೋರು? ಲಗೂ ಬರ್ರಿ. ಉಳದೋರು ಎಡಕ್ಕ ನೋಡ್ರಿ, ಕ್ವಾಟಿ ಗ್ವಾಡಿ ಮ್ಯಾಲ ನವಲ ಕುಂತೈತಿ!” ಕೋರ್ಟಿಗೆ ಹೊರಟವರು, ದವಾಖಾನೆಗೆ ಹೊರಟವರು, ನಿದ್ದೆ ಹೊಡೆಯುತ್ತಿದ್ದವರು, ಎಲ್ಲರ ಕತ್ತೂ ಎಡಕ್ಕೆ, ಕೋಟೆ ಗೋಡೆಯ ನವಿಲಿನ ಕಡೆಗೆ ಹೊರಳುತ್ತಿತ್ತು. ಒಂದು ಸಲ ಹಿರೇಬೆಂಡಿಗೇರಿಯ ರೈತನೊಬ್ಬ ಸಿಟ್ಟಿಗೆದ್ದ. “ನಿಮ್ಮ ಹಕ್ಕಿ ಹಾಳಾಗ್ಲಿ, ಮ್ಯಾಲಿಂದ ನನ್ನ ಚೀಲ ಇಳಸ್ರಿ.” ಚಾಚಾ ಕಿಟಕಿಯಿಂದ ಕಣ್ಣು ಕೀಳದೆ ಹೇಳಿದರು: “ಚೀಲ ಎಲ್ಲಿ ಹೊಕ್ಕೈತಪಾ? ಅದಕೇನ ರೆಕ್ಕಿ ಅದಾವ? ಇದು ಹೊಕ್ಕೈತಿ ನೋಡ, ಈಗ ಹೊಕ್ಕೈತಿ.”

ನಾನೂ ಸುಮ್ಮನಿದ್ದವಳಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಇವತ್ತಿಗೂ. ಮಧ್ಯಾಹ್ನದ ಪರೀಕ್ಷೆಯಿದ್ದ ಒಂದು ದಿನ ನೋಟ್ಸು ತಿರುವುತ್ತ ಕುಳಿತಿದ್ದಾಗ ಅವರು ನನ್ನ ಸೀಟಿನ ಪಕ್ಕದಲ್ಲೇ ನಿಂತು ಯಾವುದೋ ಗಿಡುಗನನ್ನು ಕೂಗಿದರು. “ಪರೀಕ್ಷೆ ಐತ್ರಿ ಚಾಚಾ, ಹಕ್ಕಿ ಕಟಗೊಂಡು ನನಗೇನಾಗಬೇಕು?” ಎಂದು ಎಲ್ಲರೆದುರು ಹರಿಹಾಯ್ದೆ. ಶಿಗ್ಗಾಂವಿಯವರೆಗೂ ಅವರು ಇನ್ನೊಂದು ಹಕ್ಕಿಯನ್ನು ಕೂಗಲಿಲ್ಲ. ಮರುದಿನ ನಾನು ಹತ್ತುವುದನ್ನೇ ಕಾದಿದ್ದು ಕೂಗಿದರು: “ಪರೀಕ್ಷಿ ಇದ್ದೋರು ಪುಸ್ತಕ ನೋಡ್ರಿ, ಉಳದೋರು ಎಡಕ್ಕ ನೋಡ್ರಿ!” ಇಡೀ ಬಸ್ಸು ನಕ್ಕಿತು. ಪರೀಕ್ಷೆ ಮುಗಿಯುವವರೆಗೂ ದಿನಾ ಇದೇ ನಡೆಯಿತು.

ನೋಡಿದ್ದನ್ನೆಲ್ಲ ಅವರು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಕಿವಿಯ ಮೇಲೆ ಪೆನ್ಸಿಲ್ಲು, ಖಾಕಿ ಕೋಟಿನ ಒಳಜೇಬಿನಲ್ಲಿ ನೋಟ್‌ಬುಕ್ಕು. ಒಂದು ಹಕ್ಕಿಗೆ ಒಂದೇ ಸಾಲು: ತಾರೀಖು, ಹಕ್ಕಿ, ಎಷ್ಟು ಇದ್ದವು, ಯಾವ ಟ್ರಿಪ್ಪು, ಯಾವ ಸ್ಟೇಜು. ಊರಿನ ಹೆಸರಿಲ್ಲ, ಕೆರೆಯ ಹೆಸರಿಲ್ಲ. ಬಸ್ಸಿನ ದಾರಿಯನ್ನು ಟಿಕೆಟ್ ದರಕ್ಕಾಗಿ ತುಂಡು ತುಂಡಾಗಿ ಭಾಗ ಮಾಡಿರುತ್ತಾರಲ್ಲ, ಆ ಒಂದೊಂದು ತುಂಡೂ ಒಂದು ಸ್ಟೇಜು. ಕಂಡಕ್ಟರಿಗೆ ಜಗತ್ತು ಇರುವುದೇ ಹಾಗೆ. “ನಿಮ್ಮ ಅವ್ವನ ಮನಿ ಯಾವ ಸ್ಟೇಜಿನ್ಯಾಗ?” ಎಂದು ಕೇಳುವ ಮನುಷ್ಯ ಅವರು.

ಓದು ಮುಗಿದ ಮೇಲೆ ನಾನು ಬಂಕಾಪುರದ ಗ್ರಂಥಾಲಯಕ್ಕೆ ಸೇರಿಕೊಂಡೆ, ಅವರು ನಿವೃತ್ತರಾದರು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಂದು ನನ್ನ ಮೇಜಿನ ಮುಂದೆ ಕುಳಿತರು. ಮೆಹಂದಿ ಹಚ್ಚಿದ ಗಡ್ಡ, ದಪ್ಪ ಕನ್ನಡಕ, ಬಗ್ಗಿದ ಕತ್ತು ಹಾಗೇ ಇತ್ತು. ಪ್ಲಾಸ್ಟಿಕ್ ಕವರಿನಿಂದ ಒಂದು ಬಸ್ ಟಿಕೆಟ್ಟು ತೆಗೆದು ನನ್ನ ಮುಂದಿಟ್ಟರು. ಅದರ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಇಂಗ್ಲಿಷಿನ ಒಂದು ಅಕ್ಷರ, ಎರಡು ಅಂಕಿ.

“ತಂಗಿ, ನಿಮ್ಮ ಕಂಪ್ಯೂಟರ್‌ದಾಗ ಎಲ್ಲಾ ಸಿಗ್ತೈತಂತಲ್ಲ. ಈ ನಂಬರಿನ ಬಾತು ಎಲ್ಲೀದು, ಹುಡುಕಿ ಹೇಳ.”

ಆಗ ಕತೆ ಹೊರಬಂತು. ನಿವೃತ್ತಿಗೆ ಮೊದಲಿನ ಕೊನೆಯ ಚಳಿಗಾಲ. ದಾರಿಯಲ್ಲಿ ಬಸ್ಸು ಪಂಕ್ಚರ್ ಆಗಿತ್ತು. ಡ್ರೈವರ್ ಗಾಲಿ ಬದಲಿಸುತ್ತಿದ್ದ, ಜನ ಇಳಿದು ಮರದ ನೆರಳಿಗೆ ಹೋಗಿದ್ದರು. ರಸ್ತೆಯ ಎಡಕ್ಕೆ ಕಡಲೆ ಹೊಲ, ಅದರಾಚೆ ಕೆರೆ. ಹೊಲದ ತುಂಬ ತಲೆಯ ಮೇಲೆ ಎರಡು ಕಪ್ಪು ಗೆರೆಯಿರುವ ದೊಡ್ಡ ಬಾತುಗಳು ಕಡಲೆ ಮೇಯುತ್ತಿದ್ದವು. ಚಳಿಗಾಲದಲ್ಲಿ ನಮ್ಮ ಕಡೆಯ ಕೆರೆಗಳಿಗೆ ಹೊರಗಿನಿಂದ ಬರುವ ಹಕ್ಕಿ ಅದು. ಚಾಚಾ ಬದುವಿನ ಮರೆಯಲ್ಲಿ ತೆವಳುತ್ತ ಹತ್ತಿರ ಹೋದರು. ಒಂದು ಬಾತಿನ ಕೊರಳಲ್ಲಿ ಹಸಿರು ಪಟ್ಟಿ ಇತ್ತು. ಪಟ್ಟಿಯ ಮೇಲೆ ಅಕ್ಷರ, ಅಂಕಿ. ಬರೆದುಕೊಂಡರು. ಓಡಿ ಬಂದು ಎಲ್ಲರಿಗೂ ಹೇಳಿದರು. ಅಷ್ಟರಲ್ಲಿ ಹಿಂಡು ಎದ್ದು ಹೋಗಿತ್ತು, ಬೇರೆ ಯಾರೂ ನೋಡಿರಲಿಲ್ಲ.

ಬಾತಿನ ಕೊರಳಿಗೆ ನಂಬರ್ ಪಟ್ಟಿ ಎಂದರೆ ಯಾರು ನಂಬುತ್ತಾರೆ? ಡಿಪೋದಲ್ಲಿ ನಕ್ಕರು. “ಚಾಚಾ, ಬಾತಿಗೆ ಹಾಫ್ ಟಿಕೆಟ್ ಕೊಟ್ರೋ, ಫುಲ್ಲೋ?” ಬೀಳ್ಕೊಡುಗೆಯ ದಿನ ಭಾಷಣ ಮಾಡಿದವರೂ ಅದನ್ನೇ ಎತ್ತಿ ನಗಿಸಿದರು. ಒಂದು ಸುಳ್ಳು ಸಾಲು ಬರೆಯದೆ ನೌಕರಿ ಮುಗಿಸಿದ ಮನುಷ್ಯನಿಗೆ ಕೊನೆಗೆ ಉಳಿದ ಹೆಸರು ಬಾತಿನ ಕಂಡಕ್ಟರ್. ನಗುತ್ತಲೇ ಹೇಳಿದರು, ಆದರೆ ಟಿಕೆಟ್ಟನ್ನು ವಾಪಸು ಕವರಿಗೆ ಹಾಕಿ ಅದರ ಬಾಯಿಗೆ ಎರಡು ಗಂಟು ಬಿಗಿದರು.

ಹುಡುಕಲು ಕುಳಿತೆವು. ಹಕ್ಕಿಗಳ, ಕಾಡಿನ, ಕೆರೆಗಳ ಮಾಹಿತಿಯನ್ನು ಜಗತ್ತಿನ ಜನರೆಲ್ಲ ಸೇರಿಸುತ್ತ ಹೋಗುವ ಒಂದು ದೊಡ್ಡ ಜಾಲತಾಣ ಇದೆಯೆಂದು ಮಾತ್ರ ನನಗೆ ಗೊತ್ತಿತ್ತು. ಅದರ ಹುಡುಕುವ ಜಾಗದಲ್ಲಿ ಚಾಚಾ ಹೇಳಿದಂತೆ ‘ಕರಿಗೆರೆ ಬಾತು’ ಎಂದು ಕನ್ನಡದಲ್ಲಿ ಬರೆದೆ. ಏನೂ ಸಿಗಲಿಲ್ಲ. ಬರೀ ‘ಬಾತು’ ಎಂದೆ. ಅದೂ ಇಲ್ಲ. ಇಂಗ್ಲಿಷಿನಲ್ಲಿ ಬಾತು ಎಂದು ಬರೆದರೆ ಸಾವಿರಾರು ಚಿತ್ರಗಳು ಸುರಿದವು. ಚಾಚಾ ಭೂತಗನ್ನಡಿ ಹಿಡಿದು ಪರದೆಗೆ ಮೂಗು ಹಚ್ಚಿ ಕುಳಿತರು. “ಅಲ್ಲ... ಅಲ್ಲ... ಇದರ ಕುತಗಿ ಗಿಡ್ಡ... ಇದು ನಮ್ಮ ಲೈನಿನ ಪ್ಯಾಸೆಂಜರ್ ಅಲ್ಲ.” ಪುಟ ತೆರೆಯಲು ತಡವಾದಾಗಲೆಲ್ಲ ಬಸ್ಸು ನಿಲ್ಲಿಸುವವರಂತೆ “ಹೋಲ್ಡಾನ್” ಎನ್ನುತ್ತಿದ್ದರು, ತೆರೆದುಕೊಂಡ ಕೂಡಲೇ ಬಸ್ಸು ಬಿಡುವವರಂತೆ “ರೈಟ್”. ಪೇಪರ್ ಓದುವವರು ತಲೆಯೆತ್ತಿ ನೋಡುತ್ತಿದ್ದರು.

ಮೂರನೆಯ ದಿನ ಹಕ್ಕಿಯ ಚಿತ್ರ ಸಿಕ್ಕಿತು. ಆ ಚಿತ್ರದ ಪುಟದ ತಳದಲ್ಲಿ, ಕೊರಳಪಟ್ಟಿ ಹಾಕಿದ ಹಕ್ಕಿ ಕಂಡರೆ ಇಲ್ಲಿ ಹುಡುಕಿ ಎಂದು ಒಂದು ಸಾಲು. ಒತ್ತಿದೆ. ಪಟ್ಟಿಯ ಬಣ್ಣ ಕೇಳಿತು, ಹಸಿರು ಎಂದೆ. ಅಕ್ಷರದ ಬಣ್ಣ ಕೇಳಿತು. “ಬಿಳಿ, ಬಿಳಿ! ಸುಣ್ಣಧಂಗ ಬಿಳಿ ಇತ್ತು,” ಚಾಚಾ ಕೂಗಿದರು. ಟಿಕೆಟ್ಟಿನ ಬೆನ್ನಿನಿಂದ ಅಕ್ಷರವನ್ನೂ ಅಂಕಿಗಳನ್ನೂ ಒಂದೊಂದಾಗಿ ಒತ್ತಿದೆ.

ಒಂದೇ ಒಂದು ಹಕ್ಕಿ ಬಂತು. ಹೆಣ್ಣು. ಮಂಗೋಲಿಯಾದ ಒಂದು ಸರೋವರದಲ್ಲಿ ಅದಕ್ಕೆ ಪಟ್ಟಿ ಹಾಕಿದ್ದರು, ಚಾಚಾ ನೋಡಿದ್ದಕ್ಕಿಂತ ಎರಡು ಬೇಸಿಗೆ ಮೊದಲು. ಅದರ ಮುಂದೆ ‘ಮತ್ತೆ ಕಂಡಿದ್ದು’ ಎಂಬ ಕಾಲಂ. ಖಾಲಿ.

ಭೂಪಟ ತೆಗೆದು ತೋರಿಸಿದೆ. ಮಂಗೋಲಿಯಾ ಇಲ್ಲಿ, ನಡುವೆ ಹಿಮಾಲಯ, ನಾವು ಇಲ್ಲಿ ಕೆಳಗೆ. ಚಾಚಾ ಆ ಪಟದ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ನಿಧಾನ ಎಳೆದರು. “ಯಾ ಅಲ್ಲಾ, ಎಷ್ಟ ಸ್ಟೇಜ್ ಆತು ಇದು!” ಎಂದರು.

ಆ ಖಾಲಿ ಕಾಲಂ ತುಂಬಬೇಕಾದರೆ ನೋಡಿದವರು ತಮ್ಮ ಹೆಸರಿನಲ್ಲಿ ವಿವರ ಕಳಿಸಬೇಕಿತ್ತು. ಹೆಸರು ಏನಂತ ಹಾಕಲಿ ಎಂದೆ. ಬಿಲ್ಲೆಯ ನಂಬರ್ ಹಾಕು ಎಂದರು. “ಚಾಚಾ, ಹೆಸರು ಬೇಕ ಬೇಕಂತ.” ಅವರು ಒಪ್ಪಲಿಲ್ಲ. “ಅಷ್ಟ ವರ್ಷ ಬಸ್ಸಿನ್ಯಾಗ ನನ್ನ ಹೆಸರ ಯಾರ ಕೇಳ್ಯಾರ? ದೂರು ಬರಿಯೋರೂ ಬಿಲ್ಲಿ ನಂಬರ ಬರದಾರ. ಆ ಹಕ್ಕಿದೂ ನಂಬರ, ನಂದೂ ನಂಬರ. ನಾವಿಬ್ರೂ ಹಂಗ ಗುರುತ.” ಸೋತೆ. ಹೆಸರಿನ ಜಾಗದಲ್ಲಿ ಬಿಲ್ಲೆ, ಅಡ್ಡಹೆಸರಿನ ಜಾಗದಲ್ಲಿ ನಂಬರು. ಜಾಲತಾಣ ಒಂದು ಮಾತೂ ಆಡದೆ ಒಪ್ಪಿಕೊಂಡಿತು.

ಮರುದಿನ ಅವರು ಒಂದು ಚೀಲದ ತುಂಬ ನೋಟ್‌ಬುಕ್ಕು ಹೊತ್ತು ತಂದರು. ಬಾತಿನ ಜೊತೆ ಇವನ್ನೂ ಏರಿಸು ಎಂದರು. ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ನಿಗದಿಯಾಗಿತ್ತು, ಹುಬ್ಬಳ್ಳಿಗೆ ಹೋಗಬೇಕಿತ್ತು. ಹೋಗುವ ಮೊದಲು ಸ್ಟೇಜುಗಳ ಪಟ್ಟಿಯನ್ನು ಬಾಯಿಪಾಠದಂತೆ ಹೇಳಿದರು: ಸವಣೂರು ಬಿಟ್ಟರೆ ಒಂದು, ಆಮೇಲೆ ಎರಡು, ಹೀಗೆ ಹಿರೇಕೆರೂರಿನವರೆಗೆ. ರಟ್ಟಿನ ಮೇಲೆ ಬರೆದುಕೊಂಡೆ. ಟ್ರಿಪ್ ಒಂದು ಅಂದರೆ ಬೆಳಿಗ್ಗೆ, ಎರಡು ಅಂದರೆ ಮಧ್ಯಾಹ್ನ ಎಂದರು. ಅದನ್ನೂ ಬರೆದುಕೊಂಡೆ. ಅವರು ಹುಬ್ಬಳ್ಳಿಗೆ ಹೋದ ಮೇಲೆ ಒಬ್ಬಳೇ ಕುಳಿತು ಒಂದೊಂದೇ ಸಾಲನ್ನು ಏರಿಸಿದೆ. ಬಾತಿನ ಸಾಲಿನಲ್ಲಿ ‘ಟ್ರಿಪ್ ಎರಡು, ಸ್ಟೇಜ್ ನಾಲ್ಕು’ ಎಂದಿತ್ತು. ಸ್ಟೇಜ್ ಹನ್ನೊಂದು ಎಂದರೆ ಯಾವ ಊರು ಎಂದು ರಟ್ಟು ನೋಡದೆ ಹೇಳುವಷ್ಟು ಪಳಗಿದ್ದೆ. ನನ್ನ ಬಗ್ಗೆ ನನಗೇ ಹೆಮ್ಮೆ.

ಬಾತಿನ ವಿವರಕ್ಕೆ ಎರಡು ವಾರದಲ್ಲಿ ಉತ್ತರ ಬಂತು. ಜಾಲತಾಣದ ಪರವಾಗಿ ದಾಖಲೆಗಳನ್ನು ಪರಿಶೀಲಿಸುವವರೊಬ್ಬರು ಮರ್ಯಾದೆಯಿಂದಲೇ ಬರೆದಿದ್ದರು: ನೀವು ಗುರುತು ಮಾಡಿದ ಜಾಗದ ಸುತ್ತಮುತ್ತ ಎಲ್ಲೂ ಕೆರೆಯಿಲ್ಲ. ಈ ಹಕ್ಕಿ ಅಲ್ಲಿ ಕಂಡ ದಾಖಲೆಯೂ ಇಲ್ಲ. ನಂಬರ್ ಓದುವಾಗ ತಪ್ಪಾಗಿರಬಹುದು. ಮೂವತ್ತು ದಿನದೊಳಗೆ ವಿವರಣೆ ಬಾರದಿದ್ದರೆ ದಾಖಲೆಯನ್ನು ತೆಗೆದುಹಾಕುತ್ತೇವೆ.

ಚಾಚಾ ಆಪರೇಷನ್ ಮುಗಿಸಿ ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದರು. ಚಹಾ ತರಿಸಿ, ಪತ್ರದ ಸಾರಾಂಶ ಹೇಳಿದೆ.

“ಸ್ಟೇಜ್ ನಾಲ್ಕರಾಗ ಕೆರಿ ಐತೇನ್ರಿ ಚಾಚಾ?”

“ಐತಿ.”

“ಇಲ್ಲಂತಾರ.”

“ಯಾರ ಅಂತಾರ? ಐತಿ. ರಸ್ತಾಕ ಹೊಂದೇ ಐತಿ.”

“ಮ್ಯಾಲಿಂದ ತಗದ ಫೋಟೋದಾಗ ನೋಡೇನಿ, ಸ್ಟೇಜ್ ನಾಲ್ಕರಾಗ ಹನಿ ನೀರಿಲ್ಲ. ನೀವ ತಪ್ಪ ಬರದೀರಿ. ನಂಬರೂ ತಪ್ಪ ಓದಿರಬೇಕು.”

ಇಬ್ಬರಲ್ಲಿ ಒಬ್ಬರು ಊರಿನ ಹೆಸರೆತ್ತಿದ್ದರೆ ಒಂದು ನಿಮಿಷದಲ್ಲಿ ಬಗೆಹರಿಯುತ್ತಿತ್ತು. ಆದರೆ ಅವರಿಗೆ ಸ್ಟೇಜು ಬಿಟ್ಟು ಬೇರೆ ಭಾಷೆಯಿಲ್ಲ. ಹೊಸದಾಗಿ ಕಲಿತ ನನಗೆ ಅದನ್ನೇ ಆಡಿ ತೋರಿಸುವ ಹುಕಿ. ಚಾಚಾ ಕೈಯಿಂದ ಮೇಜು ತಡವಿ ಕೋಲು ಹುಡುಕಿಕೊಂಡು ಎದ್ದರು. ಬಾಗಿಲಲ್ಲಿ ನಿಂತು, “ತಪ್ಪ ಬರದಿರಬೇಕ ಬಿಡವಾ. ತಗದ ಹಾಕ ಅನ್ನು,” ಎಂದು ಹೊರಟುಹೋದರು. ಚಹಾ ಹಾಗೇ ಉಳಿದಿತ್ತು. ಒಂದು ವಾರವಾದರೂ ಬರಲಿಲ್ಲ, ಎರಡು ವಾರವಾದರೂ ಬರಲಿಲ್ಲ. ದಿನಾ ಪೇಪರ್ ಓದುವವರು “ಹೋಲ್ಡಾನ್ ಚಾಚಾ ಎಲ್ಲಿ?” ಎಂದು ಕೇಳುತ್ತಿದ್ದರು.

ಮೂವತ್ತು ದಿನದಲ್ಲಿ ಐದು ಉಳಿದಾಗ ರಜೆ ಹಾಕಿದೆ. ಅವರ ತಪ್ಪನ್ನು ನಾನೇ ಕಣ್ಣಾರೆ ನೋಡಿ, ಸರಿಯಾದ ಕೆರೆಯನ್ನು ಹುಡುಕಿ ಕೊಡೋಣ ಎಂಬ ದೊಡ್ಡಸ್ತಿಕೆ ನನ್ನದು. ಸವಣೂರಿಗೆ ಹೋಗಿ ಬೆಳಗಿನ ಹಿರೇಕೆರೂರು ಬಸ್ಸು ಹತ್ತಿದೆ. ರಟ್ಟು ಕೈಯಲ್ಲಿ. ಒಂದು, ಎರಡು, ಮೂರು, ನಾಲ್ಕು. ಶಿಗ್ಗಾಂವಿ ಇನ್ನೂ ಬಂದಿರಲಿಲ್ಲ. ಎರಡೂ ಕಡೆ ಹತ್ತಿ ಹೊಲ, ಒಂದು ಪಂಪಿನ ಮನೆ, ಒಂದು ಬೇವಿನ ಮರ. ಕೆರೆ ಹೋಗಲಿ, ಹಳ್ಳವೂ ಇಲ್ಲ. ಬಸ್ಸು ಮುಂದೆ ಹೋಯಿತು. ಬಂಕಾಪುರದಲ್ಲಿ ಇಳಿದು ಮನೆಗೆ ಹೋಗಬಹುದಿತ್ತು. ಹಟಕ್ಕೆ ಬಿದ್ದು ಕುಳಿತೇ ಇದ್ದೆ. ಹಾನಗಲ್ಲು, ಚಿಕ್ಕೇರೂರು, ಕೊನೆಗೆ ಹಿರೇಕೆರೂರು.

ಅಲ್ಲಿ ಊಟ ಮಾಡಿ ಅದೇ ಬಸ್ಸಿನಲ್ಲಿ ವಾಪಸು ಕುಳಿತೆ. ಕಂಡಕ್ಟರ್ ಒಬ್ಬ ನಗುಮುಖದ ಮನುಷ್ಯ, ಕೊರಳಲ್ಲಿ ಟಿಕೆಟ್ ಮಷೀನು. ನನ್ನ ಪಕ್ಕದ ಸೀಟಿನಲ್ಲೇ ಕುಳಿತು ಗುಂಡಿ ಒತ್ತುತ್ತ ತನ್ನಷ್ಟಕ್ಕೆ ಗುನುಗಿದ: “ಟ್ರಿಪ್ ಒಂದು ಕ್ಲೋಸ್. ಟ್ರಿಪ್ ಎರಡು. ಸ್ಟೇಜ್ ಒಂದು.”

ತಟ್ಟನೆ ಅವನ ಕಡೆ ತಿರುಗಿದೆ. “ಏನಂದ್ರಿ? ಸ್ಟೇಜ್ ಒಂದು ಸವಣೂರ ಕಡೆ ಅಲ್ಲೇನ್ರಿ?”

“ಅದು ಹೋಗುವಾಗ್ರೀ ಅಕ್ಕಾರ. ಬರುವಾಗ ಇಲ್ಲಿಂದ ಎಣಸ್ತೇವಿ. ಬಸ್ ಎಲ್ಲಿಂದ ಹೊಂಡ್ತೈತಿ ಅಲ್ಲಿಂದ ಸ್ಟೇಜ್ ಒಂದು. ಹಳೇ ಮಂದಿನೂ ಹಂಗ ಮಾಡ್ತಿದ್ರು.” ಇಷ್ಟೂ ಗೊತ್ತಿಲ್ಲವೇ ಎಂಬಂತೆ ನನ್ನನ್ನು ನೋಡಿದ.

ಚಾಚಾ ಬರೆದಿದ್ದು ಟ್ರಿಪ್ ಎರಡು, ಸ್ಟೇಜ್ ನಾಲ್ಕು. ನಾನು ಟ್ರಿಪ್ ಎರಡು ಎಂದರೆ ಮಧ್ಯಾಹ್ನ ಎಂದಷ್ಟೇ ತಿಳಿದು, ಸ್ಟೇಜನ್ನು ಸವಣೂರಿನಿಂದ ಎಣಿಸಿದ್ದೆ. ಬೆರಳು ಮಡಿಸುತ್ತ ಕುಳಿತೆ. ಒಂದು. ಎರಡು. ಮೂರು. ಚಿಕ್ಕೇರೂರು ಬಂತು, ದಾಟಿತು. ನಾಲ್ಕು. ಎಡಕ್ಕೆ ನೋಡಿದೆ. ರಸ್ತೆಗೆ ಹೊಂದಿ ಹೊಲ, ಹೊಲದಾಚೆ ಅಗಲವಾದ ಕೆರೆ, ಬಿಸಿಲಿಗೆ ಹೊಳೆಯುತ್ತಿತ್ತು. ಬೇಸಿಗೆಯಾದ್ದರಿಂದ ಬಾತು ಇರಲಿಲ್ಲ. ಅಯ್ಯೋ ನನ್ನ ಕರ್ಮವೇ ಎಂದು ಜೋರಾಗಿಯೇ ಅಂದುಬಿಟ್ಟೆ. ಕಂಡಕ್ಟರ್ ಗಾಬರಿಯಾಗಿ ನೀರು ಕೊಟ್ಟ.

ಬಂಕಾಪುರದಲ್ಲಿ ಇಳಿದವಳು ನೇರ ಚಾಚಾನ ಮನೆಗೆ ಹೋದೆ. ಅಂಗಳದ ಮಂಚದ ಮೇಲೆ ಕುಳಿತಿದ್ದರು. ನಿಂತೇ ಎಲ್ಲ ಹೇಳಿದೆ, ತಪ್ಪಾಯ್ತು ಎಂದೆ. ಚಾಚಿ, ಅಂದರೆ ಅವರ ಹೆಂಡತಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಚಾಚಾ ಬಗ್ಗಿದ ಕತ್ತನ್ನು ಇನ್ನಷ್ಟು ಬಗ್ಗಿಸಿದರು. ಆಮೇಲೆ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ. ನಗುತ್ತಿದ್ದರು.

“ಅಂದರ ಅರ್ಧಾ ಹಕ್ಕಿ ಉಲ್ಟಾ ಹೋದವೇನ? ನಮ್ಮ ಬಂಕಾಪುರದ ನವಲ?”

“ಹಾನಗಲ್ ದಾಟಿ ಎಲ್ಲೋ ಕುಂತಾವ್ರಿ ಚಾಚಾ.”

“ಟಿಕೆಟ್ ಇಲ್ಲದ!” ಎಂದು ತೊಡೆ ತಟ್ಟಿಕೊಂಡು ನಕ್ಕರು. ನಗು ನಿಂತ ಮೇಲೆ ಕಪ್ಪು ಕನ್ನಡಕ ತೆಗೆದು ಒರೆಸಿದರು. “ನಿನ್ನ ಮ್ಯಾಲ ಸಿಟ್ಟ ಇರಲಿಲ್ಲ ತಂಗಿ. ಕಣ್ಣ ಮಸಕಾಗಿ ಮೂರ ನಾಕ ವರ್ಷ ಆಗಿತ್ತಲ್ಲ. ಎಲ್ಲಾರೂ ಸುಳ್ಳ ಸುಳ್ಳ ಅಂದು, ನೀನೂ ಅಂದ ಮ್ಯಾಲ, ಅವತ್ತ ನಾ ನೋಡಿದ್ದ ಖರೇನೋ ಅಲ್ಲೋ ಅಂತ ನನಗ ಅನಸಾಕತ್ತಿತ್ತು. ಅದಕ್ಕ ಬರಲಿಲ್ಲ.”

ಡಿಪೋದವರ ನಗುವನ್ನು ಅಷ್ಟು ವರ್ಷ ತಡೆದುಕೊಂಡ ಮನುಷ್ಯನಿಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಹೋಗುವಂತೆ ಮಾಡಿದವಳು ನಾನು. ಇವತ್ತಿಗೂ ನೆನೆದರೆ ಮೈ ಹಿಡಿಯಾಗುತ್ತದೆ.

ಜಾಗ ತಿದ್ದಿ ಕಳಿಸಿದೆವು. ಟಿಕೆಟ್ಟಿನ ಫೋಟೋ ಕಳಿಸಿದೆವು, ಸ್ಟೇಜಿನ ಲೆಕ್ಕವನ್ನು ಬಿಡಿಸಿ ಬರೆದೆವು. ನಾಲ್ಕು ದಿನ ಬಿಟ್ಟು ಗ್ರಂಥಾಲಯದಲ್ಲಿ ಚಾಚಾನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಪುಟವನ್ನು ತೆರೆದೆ. “ಹೋಲ್ಡಾನ್,” ಎಂದರು. ಖಾಲಿಯಿದ್ದ ಕಾಲಮಿನಲ್ಲಿ ಒಂದು ಸಾಲು ಬಂದಿತ್ತು: ಕರ್ನಾಟಕ, ಹಿರೇಕೆರೂರು ತಾಲೂಕು, ನೋಡಿದವರು ಬಿಲ್ಲೆ, ನಂಬರು. ಓದಿ ಹೇಳಿದೆ. “ರೈಟ್” ಎನ್ನುವ ಬದಲು ಕೈ ಎತ್ತಿ ಗಾಳಿಯಲ್ಲಿ ಬಸ್ಸಿನ ಗಂಟೆಯ ಹಗ್ಗ ಎಳೆದಂತೆ ಮಾಡಿದರು.

ಆ ಪುಟವನ್ನು ಪ್ರಿಂಟ್ ತೆಗೆಸಿಕೊಂಡು ಡಿಪೋಕ್ಕೆ ಹೋಗಿ ಬಂದರು. ಅವತ್ತು ಗಾಲಿ ಬದಲಿಸುತ್ತಿದ್ದ ಡ್ರೈವರ್ ಅದನ್ನು ನೋಡಿ, “ಸ್ಟೆಪ್ನಿ ಹಾಕಾಕತ್ತಿದ್ನೋ ಮಾರಾಯಾ, ತಲಿ ಎತ್ತಿದ್ದರ ಅವತ್ತ ಸಾಕ್ಷಿ ಹೇಳ್ತಿದ್ನಿ,” ಎಂದು ಕೈ ಹಿಡಿದುಕೊಂಡನಂತೆ. ಅದನ್ನು ಚಾಚಾ ನನಗೆ ಹತ್ತು ಸಲವಾದರೂ ಹೇಳಿದ್ದಾರೆ. ಉಲ್ಟಾ ಹೋದ ಹಕ್ಕಿಗಳನ್ನು ತಂತಮ್ಮ ಊರಿಗೆ ಮುಟ್ಟಿಸಲು ನಮಗೆ ಒಂದು ಇಡೀ ಮಳೆಗಾಲ ಬೇಕಾಯಿತು. ದಿನಾ ಬರುತ್ತಿದ್ದರು, ನಾನು ಸಾಲು ಓದುತ್ತಿದ್ದೆ, ಅವರು ಕಣ್ಣು ಮುಚ್ಚಿ ಜಾಗ ಹೇಳುತ್ತಿದ್ದರು. ಈ ಸಲ ಊರಿನ ಹೆಸರಿನ ಸಮೇತ. ಅಷ್ಟು ನಕ್ಕ ಮಳೆಗಾಲ ನನಗೆ ಇನ್ನೊಂದು ನೆನಪಿಲ್ಲ.

ಈ ವರ್ಷದ ಮುಂಗಾರಿನಲ್ಲಿ ಅವರು ಹೋದರು. ಬೆಳಿಗ್ಗೆ ನಮಾಜು ಮುಗಿಸಿ ಅಂಗಳದ ಮಂಚದ ಮೇಲೆ ಕುಳಿತವರು ಹಾಗೇ ಒರಗಿದರಂತೆ. ಮಣ್ಣಿಗೆ ಹೋದಾಗ ಡಿಪೋದ ಮಂದಿಯೆಲ್ಲ ಬಂದಿದ್ದರು.

ದೀಪಾವಳಿಯ ನಂತರ ಬಂದ ಆ ಪತ್ರವನ್ನು ಪ್ರಿಂಟ್ ತೆಗೆದುಕೊಂಡು ಚಾಚಿಯ ಹತ್ತಿರ ಹೋದೆ. ಕನ್ನಡಕ್ಕೆ ತಿರುಗಿಸುತ್ತ ಓದಿದೆ. ಪ್ರಿಯ ಬಿಲ್ಲೆ ಅವರೇ, ನೀವು ಕಂಡು ತಿಳಿಸಿದ್ದ ಹಸಿರು ಪಟ್ಟಿಯ ಬಾತು ಈ ಬೇಸಿಗೆಯಲ್ಲಿ ಮಂಗೋಲಿಯಾದ ಅದೇ ಸರೋವರದಲ್ಲಿ ಮತ್ತೆ ಕಂಡಿದೆ. ಜೊತೆಗೆ ನಾಲ್ಕು ಮರಿಗಳಿದ್ದವು. ಅದು ಚಳಿಗಾಲವನ್ನು ಎಲ್ಲಿ ಕಳೆಯುತ್ತದೆ ಎಂಬುದು ನಿಮ್ಮಿಂದ ಮಾತ್ರ ನಮಗೆ ಗೊತ್ತು. ಧನ್ಯವಾದಗಳು.

ಮದುವೆಯಾದಾಗಿನಿಂದ ಗಂಡನನ್ನು ‘ಹಕ್ಕಿ ಹುಚ್ಚ’ ಎಂದು ಬೈಯುತ್ತಲೇ ಬಂದ ಚಾಚಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದರು. “ನಾಲ್ಕ ಮರಿ ಏನ?” ಎಂದರು. ಹೌದೆಂದೆ. ಒಳಗೆ ಹೋಗಿ ಕೊನೆಯ ನೋಟ್‌ಬುಕ್ಕನ್ನೂ ಅದರ ಪೆನ್ಸಿಲ್ಲನ್ನೂ ತಂದರು. ಅರ್ಧ ಹಾಳೆಗಳು ಖಾಲಿಯಿದ್ದವು. “ಹಂಗಾರ ಈ ಥಂಡ್ಯಾಗ ಮರಿ ಕರಕೊಂಡ ಬರ್ತಾವ. ನೋಡೋರ ಯಾರರ ಇರಬೇಕಲ್ಲವಾ ಅಲ್ಲಿ,” ಎಂದರು. ನೋಟ್‌ಬುಕ್ಕನ್ನು ನನ್ನ ಕೈಗಿಟ್ಟರು. “ಅಷ್ಟ ವರ್ಷ ಆ ಬಸ್ಸಿನ್ಯಾಗ ದುಡದ್ರು, ನಾ ಒಂದ ಸಲಾನೂ ಹಿರೇಕೆರೂರತನಕಾ ಹೋಗಿಲ್ಲ. ನನ್ನ ಕರಕೊಂಡ ಹೋಗ.”

ಮೊನ್ನೆ ಹೋದೆವು. ಬೆಳಗಿನ ಬಸ್ಸಿಗೆ ಹೋಗಿ, ಮಧ್ಯಾಹ್ನದ ಟ್ರಿಪ್ಪಿಗೆ ಹಿರೇಕೆರೂರಿನಿಂದ ಹತ್ತಿದೆವು. ಚಾಚಿ ಎಡಗಡೆಯ ಕಿಟಕಿ ಹಿಡಿದು, ಬುರ್ಖಾದ ಮುಸುಕು ಮೇಲಕ್ಕೆತ್ತಿ ಕುಳಿತರು. ನೋಟ್‌ಬುಕ್ಕು ನನ್ನ ತೊಡೆಯ ಮೇಲಿತ್ತು. ಬಸ್ಸು ಕಿಕ್ಕಿರಿದಿತ್ತು. ಕಂಡಕ್ಟರ್ ಅದೇ ನಗುಮುಖದ ಮನುಷ್ಯ, ಚಾಚಿ ಯಾರೆಂದು ಹೇಳಿದ ಮೇಲೆ ಆತ ನಮ್ಮ ಸೀಟಿನ ಪಕ್ಕ ಬಿಟ್ಟು ಕದಲಲಿಲ್ಲ. ಚಿಕ್ಕೇರೂರು ದಾಟಿತು. ಕಡಲೆ ಹೊಲ ಶುರುವಾಯಿತು. ಹೊಲದ ಹಸಿರಿನ ಮೇಲೆ ಬೂದು ಬಣ್ಣದ ದೊಡ್ಡ ದೊಡ್ಡ ಹಕ್ಕಿಗಳು, ಹತ್ತಿಪ್ಪತ್ತಲ್ಲ, ಹೊಲ ತುಂಬ.

ನಾನು ಪಟ್ಟಿ ಹುಡುಕಲು ಕಣ್ಣು ಕಿರಿದು ಮಾಡುವಷ್ಟರಲ್ಲಿ ಚಾಚಿ ಎದ್ದು ನಿಂತಿದ್ದರು. ಅಪರಿಚಿತರೆದುರು ದನಿ ಎತ್ತಿದ್ದನ್ನು ನಾನು ಕಂಡಿರದ ಆ ಹೆಂಗಸು, ಮುಂದಿನ ಸೀಟಿನ ಕಂಬಿ ಹಿಡಿದು ಬಸ್ಸಿಗೆ ಬಸ್ಸೇ ಕೇಳುವಂತೆ ಕೂಗಿದರು:

“ಎಡಕ್ಕ ನೋಡ್ರೀ ಎಲ್ಲಾರೂ, ಎಡಕ್ಕ ನೋಡ್ರಿ!”

ಕಂಡಕ್ಟರ್ “ಹೋಲ್ಡಾನ್” ಎಂದ. ಬಸ್ಸು ನಿಧಾನವಾಯಿತು, ನಿಂತಿತು. ಒಬ್ಬರೂ ಗೊಣಗಲಿಲ್ಲ. ಎಲ್ಲರ ಕತ್ತೂ ಎಡಕ್ಕೆ ಹೊರಳಿತು.